ತಿಳುವಳಿಕೆ ಮತ್ತು ಸಲಹೆ

ಅಡುಗೆ ಮಾಡಿ ಮಾರುವವರೆಲ್ಲ ಅವಳನ್ನು ಥರ್ಮಾಮೀಟರ್ ಮೇಡಂ ಅಂತ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅವಳಿಗೂ ಅದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ನಗರಸಭೆಯ ಆರೋಗ್ಯ ವಿಭಾಗದಲ್ಲಿ ಇನ್ಸ್‌ಪೆಕ್ಟರ್ ಆಗಿ ಇಪ್ಪತ್ತೆರಡು ವರ್ಷ ಕಂಡಕಂಡವರ ಪಾತ್ರೆಯಲ್ಲೆಲ್ಲ ಆ ಉಕ್ಕಿನ ಕಡ್ಡಿ ಅದ್ದುತ್ತ ಬಂದವಳಿಗೆ ಇನ್ನೇನು ಹೆಸರು ಬಂದೀತು? ಬಿಸಿಯಾದದ್ದು ಅರವತ್ತು ಡಿಗ್ರಿಗಿಂತ ಕೆಳಗೆ ಇಳಿಯಬಾರದು, ತಣ್ಣಗಿನದು ಐದಕ್ಕಿಂತ ಮೇಲೆ ಏರಬಾರದು, ನಡುವೆ ಇರುವುದೆಲ್ಲ ರೋಗದ ತವರುಮನೆ. ಇಷ್ಟೇ ಅವಳ ಶಾಸ್ತ್ರ.

ಲಂಚ ಮುಟ್ಟಿದವಳಲ್ಲ. ತಪಾಸಣೆಗೆ ಹೋದ ಕಡೆ ಒಂದು ಲೋಟ ಚಹಾ ಕುಡಿದರೂ ದುಡ್ಡು ಮೇಜಿನ ಮೇಲಿಟ್ಟೇ ಏಳುತ್ತಿದ್ದಳು. ಕಚೇರಿಯ ಪೆನ್ನಿನಲ್ಲಿ ಮನೆಯ ಸಾಮಾನಿನ ಚೀಟಿ ಬರೆದವಳೂ ಅಲ್ಲ. ಪ್ರಾಮಾಣಿಕತೆ ಒಳ್ಳೆಯ ಗುಣ, ಯಾರು ಅಲ್ಲ ಅಂದರು? ಆದರೆ ಅದನ್ನೂ ಉಪ್ಪಿನ ಹಾಗೆ ಕೈ ನೋಡಿಕೊಂಡು ಹಾಕಬೇಕು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂಬತ್ತು ಕುರ್ಚಿಗಳ ಒಂದು ಅಡುಗೆಮನೆ ಇತ್ತು. ಸೂಪು, ಬ್ರೆಡ್ಡು, ಬೇಯಿಸಿದ ಮೊಟ್ಟೆ, ಚಹಾ. ಇಷ್ಟು ಬಿಟ್ಟರೆ ಅಲ್ಲಿ ಬೇರೇನೂ ಸಿಗುತ್ತಿರಲಿಲ್ಲ. ನಡೆಸುತ್ತಿದ್ದವರು ಇಬ್ಬರು ಓರಗಿತ್ತಿಯರು. ಅಂಗಡಿ ಹಾಕಿದ ಅಣ್ಣತಮ್ಮಂದಿರು ನಾಲ್ಕು ವರ್ಷದ ಅಂತರದಲ್ಲಿ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದವರು ಅವರ ಹೆಂಡಂದಿರು, ಜೊತೆಗೆ ಒಂದು ಹಳೇ ಫ್ರಿಜ್ಜು. ಊರವರು ಇವರನ್ನು ದೊಡ್ಡವಳು, ಚಿಕ್ಕವಳು ಅಂತಲೇ ಕರೆಯುತ್ತಿದ್ದರು. ಇಬ್ಬರದ್ದೂ ಹಾವು ಮುಂಗುಸಿ ಸಂಬಂಧ. ಉಪ್ಪು ಹೆಚ್ಚಾಯಿತು ಅಂತ ಒಂದು ಜಗಳ, ಸೌಟು ಎಲ್ಲಿಟ್ಟೆ ಅಂತ ಇನ್ನೊಂದು. ದೊಡ್ಡವಳಿಗೆ ಬಲಗಿವಿ ಕೇಳುತ್ತಿರಲಿಲ್ಲ. ಅವಳನ್ನು ಬೈಯಬೇಕು ಅನ್ನಿಸಿದಾಗಲೆಲ್ಲ ಚಿಕ್ಕವಳು ಹೋಗಿ ಬಲಗಡೆ ನಿಲ್ಲುತ್ತಿದ್ದಳು. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು. ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಇಬ್ಬರೂ ಮಲಗುತ್ತಿದ್ದರು, ಯಾರಾದರೊಬ್ಬರಿಗೆ ಜ್ವರ ಬಂದರೆ ಇನ್ನೊಬ್ಬಳಿಗೆ ಊಟ ಸೇರುತ್ತಿರಲಿಲ್ಲ.

ಥರ್ಮಾಮೀಟರ್ ಮೇಡಂ ಈ ಅಂಗಡಿಯನ್ನು ದಿನದ ಕೊನೆಯ ತಪಾಸಣೆಗೆ ಇಟ್ಟುಕೊಳ್ಳುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ಬರುವುದಕ್ಕೆ ಕಾರಣವೂ ಇತ್ತು: ಆ ಫ್ರಿಜ್ಜಿನ ಬಾಗಿಲಿನ ರಬ್ಬರು ಸಡಿಲ, ಅದು ಐದು ಡಿಗ್ರಿಯಲ್ಲಿ ನಿಂತಿದೆಯೋ ಇಲ್ಲವೋ ಮತ್ತೆ ಮತ್ತೆ ನೋಡಬೇಕು. ಚಿಕ್ಕವಳಿಗೆ ಓದು ಬಾರದು, ಹೊಸ ನಿಯಮ ಬಂದಾಗಲೆಲ್ಲ ಓದಿ ಹೇಳಬೇಕು. ದೊಡ್ಡವಳಿಗೆ ಕೇಳದು, ಎರಡನೇ ಸಲ ಹೇಳಬೇಕು. ಇವೆಲ್ಲ ನಿಜವೇ. ಆದರೆ ಅವಳು ಅಲ್ಲಿ ಎರಡು ಗಂಟೆ, ಎರಡೂವರೆ ಗಂಟೆ ಕೂರುತ್ತಿದ್ದಳಲ್ಲ, ಅದಕ್ಕೆ ಫ್ರಿಜ್ಜಿನ ಮೇಲೆ ತಪ್ಪು ಹೊರಿಸಿದರೆ ಫ್ರಿಜ್ಜಿಗೆ ಅನ್ಯಾಯ ಮಾಡಿದ ಹಾಗೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಆ ಇಬ್ಬರ ಜಗಳ ಕೇಳುತ್ತಿದ್ದರೆ ಅವಳಿಗೆ ಹಿತವಾಗಿರುತ್ತಿತ್ತು. ಮನೆಯಲ್ಲಿ ಅವಳ ಜೊತೆ ಜಗಳ ಆಡುವವರು ಯಾರೂ ಇರಲಿಲ್ಲ. ಇದ್ದೊಬ್ಬ ತಮ್ಮ, ಅವನೂ ಆಗ ಆಸ್ಪತ್ರೆಯಲ್ಲಿದ್ದ.

ಆ ವರ್ಷವೇ ನಗರಸಭೆಗೆ ಜ್ಞಾನೋದಯವಾಯಿತು. ಲಾಭ ಹೋಟೆಲಿನವರಿಗೆ, ಅವರನ್ನು ತಪಾಸಣೆ ಮಾಡುವ ಖರ್ಚು ಮಾತ್ರ ಊರಿನ ತೆರಿಗೆಯಿಂದ, ಇದು ಯಾವ ನ್ಯಾಯ? ಯಾರ ತಪಾಸಣೆಗೆ ಎಷ್ಟು ಖರ್ಚಾಗುತ್ತದೋ ಅಷ್ಟನ್ನೂ ಅವರಿಂದಲೇ ಪರವಾನಗಿ ಶುಲ್ಕವಾಗಿ ವಸೂಲು ಮಾಡಬೇಕು. ಕೇಳಿದರೆ ತಪ್ಪು ಕಾಣದ ಮಾತು. ಶುಲ್ಕ ಹನ್ನೊಂದು ವರ್ಷದಿಂದ ಏರಿರಲಿಲ್ಲ, ಏರಿಸದಿದ್ದರೆ ವಿಭಾಗದಲ್ಲಿ ಇಬ್ಬರು ಹೊಸ ಇನ್ಸ್‌ಪೆಕ್ಟರುಗಳ ಕೆಲಸ ಹೋಗುತ್ತಿತ್ತು. ಹಿಂದೆ ಕುರ್ಚಿ ಎಣಿಸಿ ಶುಲ್ಕ ಹಾಕುತ್ತಿದ್ದರು. ಇನ್ನು ಮುಂದೆ ನಿಮಿಷ ಎಣಿಸಿ ಹಾಕುವುದು ಅಂತಾಯಿತು.

ನಿಮಿಷ ಎಷ್ಟು ಅಂತ ಮೊದಲು ಗೊತ್ತಾಗಬೇಕಲ್ಲ. ಅದಕ್ಕೆ ಮೂರು ತಿಂಗಳು ಪ್ರತಿ ಇನ್ಸ್‌ಪೆಕ್ಟರೂ ಎಲ್ಲಿ ಎಷ್ಟು ಹೊತ್ತು ಕಳೆದೆ ಅಂತ ಟ್ಯಾಬ್ಲೆಟ್ಟಿನಲ್ಲಿ ಬರೆಯಬೇಕು ಅಂತ ಆದೇಶ ಬಂತು. ತಪಾಸಣೆಗೆ ಒಂದು ಕಾಲಂ, ಓಡಾಟಕ್ಕೆ ಒಂದು, ಬರವಣಿಗೆಗೆ ಒಂದು, ಕೊನೆಯದು ‘ತಿಳುವಳಿಕೆ ಮತ್ತು ಸಲಹೆ’. ದಿನದ ಕೊನೆಗೆ ಎಲ್ಲ ಕೂಡಿದರೆ ನಾನೂರ ಎಂಬತ್ತು ನಿಮಿಷ ಆಗಬೇಕು. ಒಂದು ಕಡಿಮೆಯಾದರೂ ಪರದೆ ಕೆಂಪಾಗಿ ಕೂತುಬಿಡುತ್ತಿತ್ತು. ‘ಇತರೆ’ ಅನ್ನುವ ಕಾಲಂ ಇರಲಿಲ್ಲ. ನೌಕರರು ಅದರೊಳಗೆ ಅಡಗಿಕೊಳ್ಳುತ್ತಾರೆ ಅಂತ ಯಾರೋ ಮೇಲಿನವರು ತೆಗೆಸಿದ್ದರಂತೆ.

ಉಳಿದ ಇನ್ಸ್‌ಪೆಕ್ಟರುಗಳು ಬುದ್ಧಿವಂತರು. ಸಂಜೆ ಕಚೇರಿಯಲ್ಲಿ ಒಟ್ಟಿಗೆ ಕೂತು, ಸಣ್ಣ ಅಂಗಡಿಗೆ ನಲವತ್ತು, ದೊಡ್ಡದಕ್ಕೆ ಐವತ್ತು ಅಂತ ಕಣ್ಣಂದಾಜಿನಲ್ಲಿ ಹಂಚಿಬಿಡುತ್ತಿದ್ದರು. ಇವಳು ಮಾತ್ರ ಬಾಗಿಲು ದಾಟುವಾಗ ಗಡಿಯಾರ ನೋಡುತ್ತಿದ್ದಳು, ಹೊರಡುವಾಗ ಮತ್ತೆ ನೋಡುತ್ತಿದ್ದಳು. ಓರಗಿತ್ತಿಯರ ಅಂಗಡಿಯಲ್ಲಿ ತಪಾಸಣೆ ಇಪ್ಪತ್ತೈದು ನಿಮಿಷ. ಮಿಕ್ಕಿದ್ದು? ಕೂತಿದ್ದಂತೂ ಅಲ್ಲೇ. ಅದನ್ನು ಬೇರೆ ಅಂಗಡಿಯ ಲೆಕ್ಕಕ್ಕೆ ಹಾಕಿದರೆ ಸುಳ್ಳು, ಬಿಟ್ಟರೆ ಪರದೆ ಕೆಂಪು. ಹಾಗಾಗಿ ಅದು ‘ತಿಳುವಳಿಕೆ ಮತ್ತು ಸಲಹೆ’ಗೆ ಹೋಯಿತು.

ತಮ್ಮ ತೀರಿಕೊಂಡಿದ್ದು ಆ ಮೂರು ತಿಂಗಳ ನಡುವೆಯೇ. ಅವನು ನಾಲ್ಕು ವರ್ಷದವನಿದ್ದಾಗ ಅಮ್ಮ ಹೋಗಿದ್ದಳು. ಆಮೇಲೆ ಅವನಿಗೆ ಅಕ್ಕನೂ ಇವಳೇ, ಅಮ್ಮನೂ ಇವಳೇ. ಹೊಟ್ಟೆಯಲ್ಲಿ ಹುಟ್ಟದಿದ್ದರೇನು, ಕಂಕುಳಲ್ಲಿ ಬೆಳೆದವನು. ಅಂಥವನಿಗೆ ಮೂರು ದಿನ ರಜೆ ಮಂಜೂರಾಯಿತು. ನಾಲ್ಕನೇ ದಿನ ಅವಳು ಚೀಲದಲ್ಲಿ ಕೈಗವಸು, ಟಾರ್ಚು, ಥರ್ಮಾಮೀಟರು ತುಂಬಿಕೊಂಡು ಕೆಲಸಕ್ಕೆ ಬಂದಳು. ಬೇಕರಿ ನೋಡಿದಳು, ಮಾಂಸದ ಅಂಗಡಿ ನೋಡಿದಳು. ಎರಡು ಗಂಟೆಗೆ ಓರಗಿತ್ತಿಯರ ಅಂಗಡಿಗೆ ಬಂದು ಸೂಪಿನ ಪಾತ್ರೆಗೆ ಕಡ್ಡಿ ಇಳಿಸಿದಳು. ಅಂಕಿ ಬಂದು ನಿಂತಿತು. ಅದು ಎಪ್ಪತ್ತೆರಡೋ ಇಪ್ಪತ್ತೇಳೋ ಅವಳಿಗೆ ತಿಳಿಯಲಿಲ್ಲ. ಎಷ್ಟು ನೋಡಿದರೂ ತಿಳಿಯಲಿಲ್ಲ.

"ಮೇಡಂ, ಸೂಪು ಬೆಂದಾಯ್ತು. ಕಡ್ಡೀನೂ ಬೇಯಿಸ್ಬೇಕಾ?" ಅಂದಳು ಚಿಕ್ಕವಳು, ತಮಾಷೆಗೆ.

ಅಷ್ಟು ಸಾಕಾಯಿತು. ಮೂರು ದಿನ ಜನರ ಮುಂದೆ ಒಂದು ಹನಿ ಹಾಕದವಳು ಅಲ್ಲೇ ಒಲೆಯ ಮುಂದೆ ಕುಸಿದು ಬಿಕ್ಕಿಬಿಕ್ಕಿ ಅತ್ತಳು. ದೊಡ್ಡವಳು ಊಟ ಮಾಡುತ್ತಿದ್ದ ಮೂವರನ್ನೂ "ಇವತ್ತು ಮುಗೀತು, ದುಡ್ಡು ಬೇಡ, ಎದ್ದೇಳಿ" ಅಂತ ಎಬ್ಬಿಸಿ ಕಳಿಸಿ ಶಟರು ಅರ್ಧ ಎಳೆದಳು. ಚಿಕ್ಕವಳು ನೆಲದ ಮೇಲೆ ಕೂತು ಮೇಡಮ್ಮಿನ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡಳು.

"ಅಳು, ಅತ್ತು ಮುಗಿಸು," ಅಂದಳು ದೊಡ್ಡವಳು. "ಆಮೇಲೆ ಎದ್ದು ಉಣ್ಣು. ಹೊಟ್ಟೆಗೆ ಇಲ್ದಿದ್ರೆ ಅಳೋಕೂ ತ್ರಾಣ ಇರಲ್ಲ. ನಾವಿಬ್ಬರೂ ಮಾಡಿ ನೋಡಿದ್ದೀವಿ."

ಆಮೇಲೆ ಮೇಡಂ ತನ್ನ ತಮ್ಮನ ವಿಷಯ ಹೇಳಿದಳು. ಅವನು ಎಡಗೈಯಲ್ಲಿ ಬರೆಯುತ್ತಿದ್ದದ್ದು, ಕೊನೆಯ ವಾರ ಅವನಿಗೆ ಇವಳ ಗುರುತು ಸಿಗದೆ ‘ಸಿಸ್ಟರ್, ನೀರು ಕೊಡಿ’ ಅಂತ ನರ್ಸಮ್ಮನಿಗೆ ಹೇಳುವಂತೆ ಹೇಳಿದ್ದು. ಓರಗಿತ್ತಿಯರು ಅವತ್ತು ಒಂದು ಸಲವೂ ಜಗಳ ಆಡಲಿಲ್ಲ. ಐದು ಗಂಟೆ ಹತ್ತು ನಿಮಿಷಕ್ಕೆ ಅವಳು ಮುಖ ತೊಳೆದು ಹೊರಟಳು. ಬಾಗಿಲು ದಾಟುವಾಗ ಅಭ್ಯಾಸಬಲದಿಂದ ಗಡಿಯಾರ ನೋಡಿದಳು. ರಾತ್ರಿ ಖಾಲಿ ಮನೆಯಲ್ಲಿ ಕೂತು ತುಂಬಿದಳು: ತಪಾಸಣೆ ಇಪ್ಪತ್ತೈದು, ತಿಳುವಳಿಕೆ ಮತ್ತು ಸಲಹೆ ನೂರ ಅರವತ್ತೈದು. ಪರದೆ ಹಸಿರಾಯಿತು.

ನಾಲ್ಕು ತಿಂಗಳ ನಂತರ ಹೊಸ ಶುಲ್ಕದ ಪಟ್ಟಿ ಬಂತು. ನಗರಸಭೆಯ ದೊಡ್ಡ ಕೋಣೆಯಲ್ಲಿ ಸಾರ್ವಜನಿಕರ ಅಹವಾಲು ಕೇಳಲು ಸಭೆ ಕರೆದರು. ಲೆಕ್ಕ ಹಾಕಿದ ಸಂಸ್ಥೆಯ ತಜ್ಞೆ ಪರದೆಯ ಮೇಲೆ ತೋರಿಸಿದಳು: ನಲವತ್ತು ಅಡುಗೆಯವರಿರುವ ದೊಡ್ಡ ಹೋಟೆಲು, ಒಂದು ತಪಾಸಣೆಗೆ ಸರಾಸರಿ ಐವತ್ತು ನಿಮಿಷ. ಹತ್ತು ಕುರ್ಚಿಯೊಳಗಿನ ಅಡುಗೆಮನೆ, ಸರಾಸರಿ ಎಂಬತ್ತಾರು ನಿಮಿಷ. ದೊಡ್ಡವರ ಶುಲ್ಕ ಒಂದಿಷ್ಟು ಇಳಿದಿತ್ತು, ಸಣ್ಣವರದ್ದು ಮೂರೂವರೆ ಪಟ್ಟಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದನ್ನು ಇಷ್ಟು ಚೆಂದದ ಬಣ್ಣಗಳಲ್ಲಿ ಹಿಂದೆ ಯಾರೂ ತೋರಿಸಿರಲಿಲ್ಲ.

ಥರ್ಮಾಮೀಟರ್ ಮೇಡಂ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಆ ಎಂಬತ್ತಾರು ಎಲ್ಲಿಂದ ಬಂತು ಅಂತ ಆ ಕೋಣೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಹತ್ತು ಕುರ್ಚಿಯೊಳಗಿನ ಅಂಗಡಿಗಳು ಇದ್ದದ್ದೇ ಹನ್ನೊಂದು. ಆ ಮೂರು ತಿಂಗಳಲ್ಲಿ ಹತ್ತಕ್ಕೆ ಒಂದೊಂದು ಭೇಟಿ, ಓರಗಿತ್ತಿಯರದ್ದಕ್ಕೆ ಆರು. ಕೈಚೀಲದಿಂದ ಚೀಟಿ ತೆಗೆದು ಆ ಆರನ್ನು ಬಿಟ್ಟು ಲೆಕ್ಕ ಹಾಕಿದಳು. ನಲವತ್ಮೂರು ನಿಮಿಷ. ಅಂದರೆ ಅರ್ಧ ಶುಲ್ಕ, ಹೇಗೋ ಹಲ್ಲು ಕಚ್ಚಿಕೊಂಡು ಕಟ್ಟಬಹುದಾದ ಶುಲ್ಕ.

ಮಾತಾಡಬಯಸುವವರಿಗೆ ಮೂರು ಮೂರು ನಿಮಿಷ ಕೊಟ್ಟಿದ್ದರು. ಓರಗಿತ್ತಿಯರು ಒಳ್ಳೆಯ ಬಟ್ಟೆ ಉಟ್ಟು ಬಂದಿದ್ದರು. ಮೈಕು ಚಿಕ್ಕವಳ ಕೈಗೆ ಬಂತು.

"ಸ್ವಾಮಿ, ಇಷ್ಟೊಂದು ಕಟ್ಟೋಕೆ ನಮ್ಮ ಕೈಲಿ ಆಗಲ್ಲ," ಅಂದಳು. "ನಾವೇನು ಕದ್ದುಮುಚ್ಚಿ ವ್ಯಾಪಾರ ಮಾಡೋರಲ್ಲ. ಬೇಕಾದ್ರೆ ನಮ್ಮ ಮೇಡಂನ ಕೇಳಿ, ಅಲ್ಲೇ ಹಿಂದೆ ಕೂತಿದ್ದಾರೆ. ದೇವರಂಥ ಹೆಂಗಸು. ಬೇರೆ ಆಫೀಸರ್‌ಗಳ ಥರ ಬಂದ ಪುಟ್ಟ ಹೋದ ಪುಟ್ಟ ಅಲ್ಲ. ಬಂದ್ರೆ ಗಂಟೆಗಟ್ಟಲೆ ಕೂರ್ತಾರೆ. ನನಗೆ ಓದಿ ಹೇಳ್ತಾರೆ, ನಮ್ಮಕ್ಕಂಗೆ ಕೂಗಿ ಹೇಳ್ತಾರೆ."

ಸದಸ್ಯರೊಬ್ಬರು ಕನ್ನಡಕ ಸರಿಮಾಡಿಕೊಂಡರು. "ಗಂಟೆಗಟ್ಟಲೆ ಅಂದ್ರೆ ಎಷ್ಟಮ್ಮ?"

"ಎರಡು, ಎರಡೂವರೆ. ಒಂದೊಂದ್ಸಲ ಮೂರು," ಅಂದಳು ಚಿಕ್ಕವಳು ಹೆಮ್ಮೆಯಿಂದ.

"ಹಾಗಾದ್ರೆ ಪಟ್ಟಿ ಸರಿಯಾಗೇ ಇದೆ," ಅಂತ ಸದಸ್ಯರು ತಜ್ಞೆಯ ಕಡೆ ನೋಡಿ ತಲೆಯಾಡಿಸಿದರು. ಚಿಕ್ಕವಳು ತನ್ನ ಮಾತು ಗೆದ್ದಿತು ಅಂದುಕೊಂಡು ದೊಡ್ಡವಳ ಕಡೆ ತಿರುಗಿ ನಕ್ಕಳು. ಥರ್ಮಾಮೀಟರ್ ಮೇಡಂ ಎದ್ದು ನಿಲ್ಲಬೇಕಿತ್ತು. ಕಾಲೂರಿ ಅರ್ಧ ಎದ್ದಳು ಕೂಡ. ಪಕ್ಕದಲ್ಲಿದ್ದ ವಿಭಾಗದ ಮುಖ್ಯಸ್ಥರು ಮೆಲ್ಲಗೆ ‘ಏನು?’ ಅಂದರು. ಅವಳು ಕೂತುಬಿಟ್ಟಳು. ಆ ಕೂತಿದ್ದಕ್ಕೆ ಅವಳು ತನ್ನನ್ನು ತಾನು ಇವತ್ತಿಗೂ ಕ್ಷಮಿಸಿಲ್ಲ.

ಮಾರನೇ ದಿನ ಬೆಳಿಗ್ಗೆ, ಆ ಆರು ಭೇಟಿಗಳನ್ನು ಲೆಕ್ಕದಿಂದ ತೆಗೆಯಿರಿ ಅಂತ ಕಾಗದ ಬರೆದುಕೊಂಡು ಮುಖ್ಯಸ್ಥರ ಕೋಣೆಗೆ ಹೋದಳು. ಅವರಿಗೆ ಕಚೇರಿಯಲ್ಲಿ ‘ಆಗಲಿ ನೋಡೋಣ’ ಅಂತ ಹೆಸರು. ಯಾರು ಏನು ಕೇಳಿದರೂ ಅವರ ಉತ್ತರ ಅದೇ. ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ. ಕಾಗದವನ್ನು ಎರಡು ಸಲ ಓದಿದರು.

"ಅಂದ್ರೆ ಈ ನಿಮಿಷಗಳೆಲ್ಲ ಸುಳ್ಳು ಅಂತೀರಾ?"

"ಸುಳ್ಳಲ್ಲ ಸರ್. ನಿಜ. ಅದೇ ತೊಂದರೆ. ಕೂತಿದ್ದು ನಿಜ, ಆದ್ರೆ ಅದು ತಪಾಸಣೆ ಅಲ್ಲ. ಸುಮ್ನೆ ಕೂತಿದ್ದೆ. ಒಂದಿನ ಅಳ್ತಾ ಕೂತಿದ್ದೆ."

ಅವರು ಕಾಗದ ಮಡಚಿ ಅವಳ ಕಡೆ ಸರಿಸಿದರು. ಕೆಟ್ಟ ಮನುಷ್ಯ ಅಲ್ಲ. "ಅವತ್ತು ಮೂರೇ ದಿನ ರಜೆ ಕೊಟ್ಟೆ, ಅದರಲ್ಲಿ ನನ್ನ ತಪ್ಪೂ ಇದೆ," ಅಂದರು. "ಆದ್ರೆ ಈಗ ಒಂದು ಸಾಲು ತೆಗೆದ್ರೆ ದೊಡ್ಡ ಹೋಟೆಲಿನವರ ವಕೀಲರು ಇಡೀ ಪಟ್ಟೀನೇ ಸುಳ್ಳು ಅಂತ ಎತ್ತಿ ಬಿಸಾಕ್ತಾರೆ. ಶುಲ್ಕ ನಿಂತ್ರೆ ಆ ಇಬ್ಬರು ಹೊಸಬರು ಮನೆಗೆ ಹೋಗ್ಬೇಕು. ಒಬ್ಬಳು ಬಸುರಿ. ನೀವೇ ಹೋಗಿ ಹೇಳ್ತೀರಾ ಅವಳಿಗೆ?"

ಅವಳು ಕಾಗದವನ್ನು ಮತ್ತೆ ಅವರ ಕಡೆಗೇ ಸರಿಸಿದಳು.

"ಇದು ಆಗಲ್ಲ," ಅಂದರು ಆಗಲಿ ನೋಡೋಣ ಸಾಹೇಬರು. ಅವಳು ಕಾಗದ ವಾಪಸು ತೆಗೆದುಕೊಳ್ಳಲಿಲ್ಲ. ಅದು ಯಾವ ಕಡತಕ್ಕೆ ಸೇರಿತೋ, ಮುಂದಕ್ಕಂತೂ ಹೋಗಲಿಲ್ಲ. ವಾರದೊಳಗೆ ಶುಲ್ಕ ಮಂಜೂರಾಯಿತು. ತಾನೇ ಕಟ್ಟಿಬಿಡಲೇ ಅಂತಲೂ ಅವಳು ಯೋಚಿಸಿದಳು. ತಪಾಸಣೆ ಮಾಡುವವರು ಅಂಗಡಿಯವರ ಶುಲ್ಕ ಕಟ್ಟಕೂಡದು ಅಂತ ನಿಯಮವಿತ್ತು, ಅದರ ಸಂಖ್ಯೆಯೂ ಅವಳಿಗೆ ಬಾಯಿಪಾಠ. ಆದರೂ ಒಂದು ಸಂಜೆ ನಿಯಮವನ್ನು ಗಾಳಿಗೆ ತೂರಿ ಹೋಗಿ ಕೇಳಿಯೇ ಬಿಟ್ಟಳು. "ಈ ವರ್ಷ ನೀನು ಕಟ್ತೀಯ, ಮುಂದಿನ ವರ್ಷ?" ಅಂತ ದೊಡ್ಡವಳು ಆ ಮಾತನ್ನು ಅಲ್ಲಿಗೇ ಮುಗಿಸಿದಳು.

ಪರವಾನಗಿಯ ಅವಧಿ ತಿಂಗಳ ಕೊನೆಗೆ ಮುಗಿಯಿತು, ಓರಗಿತ್ತಿಯರು ಹೊಸದು ಮಾಡಿಸಲಿಲ್ಲ. ಅಂಗಡಿ ಮುಚ್ಚುವುದಕ್ಕೂ ಒಂದು ತಪಾಸಣೆ ಉಂಟು. ಗ್ಯಾಸು ತೆಗೆಸಿದ್ದಾರೆಯೇ, ಉಳಿದ ಪದಾರ್ಥ ಎಸೆದಿದ್ದಾರೆಯೇ ನೋಡಬೇಕು, ಗೋಡೆಯ ಮೇಲಿನ ಪರವಾನಗಿ ಪತ್ರ ವಾಪಸು ಪಡೆಯಬೇಕು. ಬೇರೆಯವರನ್ನು ಕಳಿಸುತ್ತೇನೆ ಅಂತ ಸಾಹೇಬರು ಹೇಳಿದ್ದರು. ಅವಳು ಬೇಡವೆಂದು ತಾನೇ ಬಂದಳು.

ಒಂಬತ್ತು ಕುರ್ಚಿಗಳನ್ನೂ ಒಂದರ ಮೇಲೊಂದು ಪೇರಿಸಿ ಹಗ್ಗ ಕಟ್ಟಿದ್ದರು. ನೆಲವನ್ನು ಉಜ್ಜಿ ಉಜ್ಜಿ ತೊಳೆದಿದ್ದರು, ಇನ್ನು ಯಾರೂ ತುಳಿಯದ ನೆಲವನ್ನು. ಫ್ರಿಜ್ಜಿನ ಬಾಗಿಲು ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಚಿಕ್ಕವಳಿಗೆ ಶುಲ್ಕ ಇಳಿದಿದ್ದ ದೊಡ್ಡ ಹೋಟೆಲೊಂದರಲ್ಲೇ ತರಕಾರಿ ಹೆಚ್ಚುವ ಕೆಲಸ ಸಿಕ್ಕಿತ್ತು, ಅಲ್ಲೇ ಕೆಲಸದವರ ಸಾಲುಮನೆಯಲ್ಲಿ ಒಂದು ಮಂಚವೂ. ದೊಡ್ಡವಳಿಗೆ ಎಂಟು ಗಂಟೆ ನಿಲ್ಲುವ ಕೆಲಸ ಮಾಡಲಾಗದು, ಅವಳು ದೂರದ ಊರಿನಲ್ಲಿದ್ದ ತನ್ನ ಅಣ್ಣನ ಮನೆಗೆ ಹೊರಟಿದ್ದಳು. ಮೂಲೆಯಲ್ಲಿ ಎರಡು ಪೆಟ್ಟಿಗೆ ಬೇರೆ ಬೇರೆ ಕಟ್ಟಿಟ್ಟಿದ್ದರು. ಸೌಟು ಯಾವ ಪೆಟ್ಟಿಗೆಗೆ ಅಂತ ಅವರು ಜಗಳ ಆಡಿರಲಿಲ್ಲ.

"ಅಣ್ಣನ ಮನೇಲಿ ಇವಳ ಎಡಗಡೆ ನಿಂತು ಮಾತಾಡಿ ಅಂತ ಯಾರು ಹೇಳ್ತಾರೆ?" ಅಂದಳು ಚಿಕ್ಕವಳು. ಮೇಡಮ್ಮಿಗೆ ಹೇಳಿದಳೋ ಗೋಡೆಗೆ ಹೇಳಿದಳೋ.

ಮೇಡಂ ಮೊಳೆಯಿಂದ ಪರವಾನಗಿ ತೆಗೆದಳು. ಮುಚ್ಚುವ ಅರ್ಜಿಯನ್ನು ಒಲೆಕಟ್ಟೆಯ ಮೇಲಿಟ್ಟಳು. ಇನ್ನು ಹೇಳದೆ ಹೊರಡಲಾಗದು ಅನ್ನಿಸಿ ಬಾಯಿಬಿಟ್ಟಳು. ನಿಮಿಷದ ಪಟ್ಟಿ, ಕಾಲಂ, ಎಂಬತ್ತಾರು, ನಲವತ್ಮೂರು, ಎಲ್ಲ ಹೇಳಿದಳು. ದೊಡ್ಡವಳಿಗಾಗಿ ಎರಡನೇ ಸಲ ಜೋರಾಗಿ ಹೇಳಬೇಕಾಯಿತು. ಮೊದಲ ಸಲಕ್ಕಿಂತ ಅದು ಕಷ್ಟವಾಗಿತ್ತು.

ದೊಡ್ಡವಳು ಪೇರಿಸಿದ ಕುರ್ಚಿಗಳಿಗೆ ಒರಗಿದಳು.

"ನಿನ್ನ ತಮ್ಮ ಹೋದಾಗ ಅತ್ತೆಯಲ್ಲ, ಅದನ್ನೂ ಬರೆದ್ಯಾ?"

"ಬರೆದೆ. ಅವತ್ತಿಂದೇ ಎಲ್ಲಕ್ಕಿಂತ ಜಾಸ್ತಿ. ಮೂರು ಗಂಟೆ ಹತ್ತು ನಿಮಿಷ."

"ನಮಗೆ ಸಲಹೆ ಕೊಟ್ಟೆ ಅಂತ?"

"ಹೌದು."

"ಬಿಡಕ್ಕ, ಈಗ ಯಾಕದೆಲ್ಲ," ಅಂದಳು ಚಿಕ್ಕವಳು. ಎಡಗಡೆಯೇ ನಿಂತು ಹೇಳಿದರೂ ದೊಡ್ಡವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮೇಡಂ ಹೇಗೋ ತಡೆದುಕೊಳ್ಳುತ್ತಿದ್ದಳು. ಹಾಲು ಉಕ್ಕಿ ಹೋದಮೇಲೆ ಒಲೆ ಸಣ್ಣ ಮಾಡಬೇಕಿತ್ತು ಅಂತ ತನ್ನನ್ನೇ ಬೈದುಕೊಳ್ಳುವವಳ ಹಾಗೆ ದೊಡ್ಡವಳು ತಲೆಯಾಡಿಸಿದಳು.

"ಹಾಗಾದ್ರೆ ಅವತ್ತು ನಾವೇ ನಿನ್ನ ಬೇಗ ಮನೆಗೆ ಕಳಿಸ್ಬೇಕಿತ್ತು," ಅಂದಳು. ಮುಚ್ಚುವ ಅರ್ಜಿಯನ್ನು ತನ್ನ ಕಡೆ ಎಳೆದುಕೊಂಡು, ಸಹಿ ಎಲ್ಲಿ ಹಾಕಬೇಕು ಅಂತ ಕೇಳಿದಳು.